ತೂಕ ನೋಡಿ ಹೊಲಿದದ್ದು

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ
ಹಿಟ್ಟಿನ ಗಿರಣಿಗೆ ಅಂಟಿಕೊಂಡು ನನ್ನ ಅಂಗಡಿ.
ನಾನು ಹೊಲಿದ ರವಿಕೆಗಳಲ್ಲೆಲ್ಲ
ತುಸು ಹಿಟ್ಟಿನ ಧೂಳಿರುತ್ತದೆ, ಕೊಡವಿ ತೊಡಬೇಕು.

ಸಣ್ಣೀರಮ್ಮ ಬಂದದ್ದು ಮಂಗಳವಾರ,
ಸಂತೆಯ ದಿನ, ಅವಳು ಎಂದೂ ಬಾರದ ದಿನ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಾರುವವಳು
ತಕ್ಕಡಿ ಬಿಟ್ಟು ಬಂದಿದ್ದಳು.
"ಅಳತೆ ಬದ್ಲಾಯ್ತು ತಾರಾಬಾಯಿ."
ಹಳೇ ರವಿಕೆ ಕೊಡು, ಸಾಕು, ಎನ್ನುತ್ತ ತಲೆಯೆತ್ತಿದೆ.
ಸೆರಗು ಸರಿಸಿದ್ದಳು.

ಇಪ್ಪತ್ತೆರಡು ವರ್ಷ ಟೇಪು ಹಿಡಿದವಳು ನಾನು.
ಬಸುರಿಯರ ಎದೆ ತಿಂಗಳಿಂದ ತಿಂಗಳಿಗೆ ತುಂಬಿದ್ದು,
ಹೊಸ ಮದುಮಗಳೊಬ್ಬಳ ಬೆನ್ನಿನ ಬಾಸುಂಡೆ,
ಎಲ್ಲ ಕಂಡು, ತುಟಿಗೆ ಗುಂಡುಪಿನ್ನು ಕಚ್ಚಿಕೊಂಡು
ಸುಮ್ಮನಿದ್ದವಳು.
ಅವತ್ತು ಮಾತ್ರ ಟೇಪನ್ನು
ಎಲ್ಲಿಂದ ಹಿಡಿಯುವುದೆಂದು ತಿಳಿಯಲಿಲ್ಲ.

ಅವಳೇ ಹೇಳಿದಳು.
ಎಡಗೈ ಕಿವಿಯ ಮಟ್ಟಕ್ಕೆ ಏಳದು, ಮುಂದೆ ಹುಕ್ಕಿಡು.
ಹುಕ್ಕೂ ಬೇಡ, ಟಿಚ್ ಬಟನ್ನು,
ಉಗುರು ಕಪ್ಪಾಗಿವೆ, ಬೆರಳ ತುದಿಗೆ ಜೋಮು.
ತೋಳು ಸಡಿಲ ಬಿಡು, ಸಂಜೆಗೆ ಊದುತ್ತೆ.
ಒಳಗೆ ದಾರದ ಗಂಟು ಒಂದೂ ತಾಕಬಾರದು.
"ಇಷ್ಟನ್ನೆಲ್ಲ ಡಾಕ್ಟರ ಹತ್ರ ಕೇಳೋಕಾಯ್ತದಾ?
ಆಚೆ ಅರವತ್ತು ಜನ ಕೂತಿರ್ತಾರೆ, ಚೀಟಿ ಹಿಡ್ಕೊಂಡು."

ಕೇಳುವವರೇನೋ ಬಹಳ ಇದ್ದರಂತೆ.
ಹೆಂಗೆ ಬಂತು, ಯಾರ ಕಡೆಯಿಂದ ಬಂತು.
ಸೇಬು ತಂದವರು. ಸೇಬು ಬಾಯಿಗಿಟ್ಟರೆ ಕಬ್ಬಿಣ.
ಧೈರ್ಯವಾಗಿರು ಅಂತ ಹೇಳಿ
ಕಾಫಿ ಕುಡಿದು ಎದ್ದು ಹೋದವರು.
ಆ ಲೋಟ ತೊಳೆಯುವವರು ಯಾರೂ ಬರಲಿಲ್ಲ.

ಗಂಡ ಒಳ್ಳೆಯವನೇ.
ಸ್ನಾನಕ್ಕೆ ಹೋದರೆ ಬಚ್ಚಲ ಹೊರಗೆ ನಿಲ್ಲುತ್ತಾನೆ,
ಎಲ್ಲಿ ಬಿದ್ದಾಳೋ ಎಂದು ಕಾವಲು,
ಬಾಗಿಲಿಗೆ ಬೆನ್ನು ಹಾಕಿ.

ಎಡಕ್ಕೊಂದು ಚೀಲ ಹೊಲಿಯಲು ಕೂತೆ.
ಹತ್ತಿ ತುಂಬಿದೆ. ಅದು ನಾಲ್ಕು ಹೆಜ್ಜೆಗೆ
ಮೇಲೇರಿ ಕೊರಳ ಹತ್ತಿರ ಕೂತಿತು.
ತೂಕ ಬೇಕು ಕಣಕ್ಕ, ಅಂದಳು,
ಒಂದು ಕಡೆ ಬಟ್ಟಿಲ್ಲದ ತಕ್ಕಡಿ ಥರ
ಬಲಕ್ಕೇ ವಾಲಿ ವಾಲಿ ಸೊಂಟ ಹಿಡಿದಿದೆ.

ಗಿರಣಿಯಿಂದ ಒಂದು ಪಾವು ರಾಗಿ ತಂದೆ.
ಅಕ್ಕಿಗೆ ಹುಳ ಬೀಳುತ್ತದೆ, ಜೋಳಕ್ಕೆ ಬೀಳುತ್ತದೆ,
ರಾಗಿ ಹಗೇವಿನಲ್ಲಿ ಎಷ್ಟು ವರ್ಷವಾದರೂ ಇರುತ್ತದೆ.
ಆಲೂಗಡ್ಡೆ ತೂಗಿ ತೂಗಿ ಪಳಗಿದ ಬಲ ಅಂಗೈಯಲ್ಲಿ
ಚೀಲ ಇಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು.
"ಇನ್ನೊಂದು ಹಿಡಿ ಹಾಕು.
ಇಲ್ಲ, ತೆಗಿ. ಚೂರು. ಹಾಂ."
ಅಮೇಲೂ ಬಹಳ ಹೊತ್ತು
ಆ ಅಂಗೈ ಕೆಳಗಿಳಿಯಲಿಲ್ಲ.

ಬೆವರಿಗೆ ಮೊಳಕೆ ಬಂದರೆ? ಎಂದುಬಿಟ್ಟೆ.
ತಡೆಯಲಾಗಲಿಲ್ಲ ನನಗೆ.
"ಬರ್ಲಿ ಬಿಡು, ಮಾಲ್ಟು ಕಾಯಿಸ್ಕೊಂಡು ಕುಡಿಯಾನ,
ಡಾಕ್ಟ್ರೂ ಅದನ್ನೇ ಕುಡಿ ಅಂದವ್ರೆ!"
ಬಾಯಿಯ ಹುಣ್ಣು ಎಳೆಯದಂತೆ
ಕೆನ್ನೆ ಒತ್ತಿ ಹಿಡಿದು ನಕ್ಕಳು,
ಕಣ್ಣಲ್ಲಿ ನೀರು, ಯಾವುದರದೋ.
ಗಿರಣಿಯವನು ಮಿಷನ್ನು ನಿಲ್ಲಿಸಿ ಇಣುಕಿ ನೋಡಿದ.

ಐದನೇ ಡ್ರಿಪ್ಪು ಆದ ಮಾರನೇ ದಿನ
ಅವಳ ಮನೆಗೆ ಹೋದೆ. ಒಳಗೆ ಮಲಗಿದ್ದಳು,
ಮಗ್ಗುಲಲ್ಲಿ ಬಕೆಟ್ಟು, ತಲೆಗೆ ನನ್ನ ಅಂಗಡಿಯ ಮಲ್ಲು ಬಟ್ಟೆ.
ಮಾತು ಬೇಡ ಎಂದು ಕೈಯಲ್ಲೇ ಅಂದಳು.
ಸರಿ. ಅಂಬಲಿ ತೆಳ್ಳಗೆ ಕಾಯಿಸಿ, ಆರಿಸಿ, ಹತ್ತಿರ ಇಟ್ಟೆ.
ಮೂಲೆಯಲ್ಲಿ ಒಣಗಿದ್ದ ಲೋಟಗಳನ್ನೆಲ್ಲ ತೊಳೆದೆ.

ಹಿತ್ತಲಿಗೆ ಬಂದರೆ,
ಒಗೆದ ಚೀಲ ತಂತಿಯ ಮೇಲೆ,
ರಾಗಿ ಮೊರದಲ್ಲಿ, ಬಿಸಿಲಿಗೆ.
ಎದುರಿಗೆ ಅವಳ ಗಂಡ ಕುಕ್ಕರಗಾಲಲ್ಲಿ ಕೂತಿದ್ದ,
ಮೊರದ ಮೇಲಿಂದ ಕಣ್ಣು ತೆಗೆಯದೆ,
ಕೈಯಲ್ಲೊಂದು ಕಡ್ಡಿ, ಗುಬ್ಬಿ ಓಡಿಸಲು.
ನನ್ನ ನೆರಳು ಕಂಡು ಅಂದ:
"ಒಂದು ಕಾಳೂ ಹೋಗಿಲ್ಲ ಕಣಮ್ಮ."